ಅಜ್ಜಿ ಎಸೆತ

(ಮಹಿಳಾ ವೇದಿಕೆಯ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



‘ಮಹಿಳೆ ಮತ್ತು ಆರೋಗ್ಯ’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಯವರು ಹೇಳಿದ್ದರು. ನಾನು ಡಾಕ್ಟರ್ ಅಲ್ಲ. ನೀರು ಜಾಸ್ತಿ ಕುಡಿಯಿರಿ, ಉಪ್ಪು ಕಡಿಮೆ ತಿನ್ನಿ ಎಂದು ನಾನು ಹೇಳಿದರೆ ನೀವು ಕೇಳುವವರೂ ಅಲ್ಲ. ಅದಕ್ಕೇ ಒಂದು ಆಟದ ಕಥೆ ಹೇಳುತ್ತೇನೆ. ಕಳೆದ ಡಿಸೆಂಬರ್‌ನಲ್ಲಿ ನಾವು ಆರು ಜನ ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗಿ ಅಲ್ಲಿನ ಕನ್ನಡದ ಗೆಳತಿಯರ ಜೊತೆ ಬ್ಯಾಸ್ಕೆಟ್‌ಬಾಲ್ ಆಡಿ ಬಂದ ಕಥೆ. ಇದರ ನಾಯಕಿ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳಬಾರದು ಎಂದು ಆಣೆ ಹಾಕಿಸಿದ್ದಾರೆ. ನಾವೆಲ್ಲ ಅವರನ್ನು ಕಾಕು ಎನ್ನುತ್ತೇವೆ, ಇಲ್ಲೂ ಹಾಗೇ ಕರೆಯುತ್ತೇನೆ.

ಮೊದಲು ನಮ್ಮ ತಂಡದ ಪರಿಚಯ. ಒಬ್ಬರು ಓಝರ್ ಅಕ್ಕ. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಓಝರ್‌ನಲ್ಲಿ ಎಚ್‌ಎಎಲ್ ಶುರುವಾಯಿತಲ್ಲ, ಆಮೇಲೆ ಬೆಂಗಳೂರಿನಿಂದ ವರ್ಗವಾಗಿ ಬಂದ ಮನೆಗಳಲ್ಲಿ ಅವರದೂ ಒಂದು. ಶಾಲೆಯಲ್ಲಿ ಥ್ರೋಬಾಲ್ ಆಡಿದವರು. ಇನ್ನೊಬ್ಬರು ಬೆಳಗಾವಿ ವೈನಿ. ಆಮೇಲೆ ಕಂಪ್ಯೂಟರ್ ಕಂಪನಿಯಲ್ಲಿರುವ ಮೈಸೂರಿನ ಹುಡುಗಿ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಹುಬ್ಬಳ್ಳಿಯ ಟೀಚರ್. ಧಾರವಾಡದಲ್ಲಿ ಕಾಲೇಜಿಗೆ ಆಡಿ, ಮದುವೆಯಾದ ಮೇಲೆ ಇಪ್ಪತ್ತು ವರ್ಷ ಚೆಂಡು ಮುಟ್ಟದ ನಾನು. ಕೊನೆಯವರು ನಮ್ಮ ಕಾಕು. ವಯಸ್ಸು ಅರವತ್ತಮೂರು.

ಕಾಕು ಹುಟ್ಟಿದ್ದು ಬೀದರ್‌ನಲ್ಲಿ. ಶಾಲೆಯಲ್ಲಿ ಖೋಖೋ, ರಿಂಗ್ ಆಡುತ್ತಿದ್ದರಂತೆ. ಹದಿನಾರು ತುಂಬುವುದರೊಳಗೆ ಮದುವೆಯಾಗಿ ಆಗಿನ ಔರಂಗಾಬಾದಿಗೆ ಬಂದರು. ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಸಂಸಾರ ಮಾಡಿದರು. ಕಾಕಾ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ, ಮಗನ ಜೊತೆ ನಾಸಿಕ್‌ಗೆ ಬಂದರು. ಬಂದ ಮೇಲೆ ಒಂದು ಸಲವೂ ಆ ಊರಿಗೆ ಹಿಂದಿರುಗಿರಲಿಲ್ಲ. “ಮನೀನ ಇಲ್ಲ, ಯಾರ ಮನೀಗೆ ಹೋಗ್ಲಿ?” ಎನ್ನುತ್ತಿದ್ದರು.

ನಮ್ಮ ಸೊಸೈಟಿಯಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಅಂಗಳವಿದೆ. ಸಂಜೆ ಹುಡುಗರು ಬಿಟ್ಟುಕೊಡುವುದಿಲ್ಲ. ಅದಕ್ಕೆ ನಾವು ಭಾನುವಾರ ಬೆಳಗ್ಗೆ ಆರೂವರೆಗೆ ಸೇರುತ್ತಿದ್ದೆವು. ಕಾಕು ಮೊದಲು ನಮ್ಮ ಚಪ್ಪಲಿ, ನೀರಿನ ಬಾಟಲಿ ಕಾಯಲು ಕೂರುತ್ತಿದ್ದರು. ಒಂದು ದಿನ ಅವರೇ ಕೇಳಿದರು, “ಅವ್ವಾ, ನಾನೂ ಒಂದ ಒಗೀಲೇನ?” ಒಗೆದರು. ಬಲ ಭುಜ ಹಿಡಿದುಕೊಂಡು ವರ್ಷವಾಗಿತ್ತು, ಕೈ ತಲೆಯ ಮೇಲೆ ಏಳುತ್ತಿರಲಿಲ್ಲ. ಹಾಗಾಗಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ, ಬಾವಿಕಟ್ಟೆಯ ಮೇಲೆ ಕೊಡ ಎತ್ತಿಟ್ಟ ಹಾಗೆ ಎಸೆದರು. ಬಾಲ್ಕನಿಯಲ್ಲಿ ನಿಂತಿದ್ದ ಹುಡುಗರು ನಕ್ಕರು. ನಾನೂ ನಕ್ಕೆ. “ಹಂಗಲ್ಲ ಕಾಕು, ತಲೀ ಮ್ಯಾಲಿಂದ ಹಾಕ್ರಿ” ಎಂದು ಪಾಠ ಹೇಳಿದೆ. ಅವರ ಎಷ್ಟು ಎಸೆತ ಬುಟ್ಟಿಗೆ ಬೀಳುತ್ತಿದ್ದವು ಎಂದು ಎಣಿಸಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸಂಭಾಜಿನಗರದ ಗೆಳತಿಯರು ನಮ್ಮನ್ನು ಕರೆದಾಗ ಕಾಕು “ನೋಡಾಕ ಬರ್ತೀನಿ, ಆಡಾಕಲ್ಲ” ಎಂದರು. ನಮ್ಮಲ್ಲಿ ಐದೇ ಜನ, ಆರನೆಯವರಾಗಿ ಅವರ ಹೆಸರನ್ನೂ ಬರೆದೆವು. ನಿಫಾಡ್, ಯೇವಲಾ, ವೈಜಾಪುರದ ಮೇಲೆ ಹೋಗುವ ದಾರಿ. ಯೇವಲಾದಲ್ಲಿ ಪೈಠಣಿ ಸೀರೆಯ ಅಂಗಡಿ ಕಂಡು ಗಾಡಿ ತಾನೇ ನಿಂತಿತು ಎಂದು ನಮ್ಮ ಡ್ರೈವರ್ ಇಂದಿಗೂ ಹೇಳುತ್ತಾನೆ. ಮುಕ್ಕಾಲು ಗಂಟೆ ತಡವಾಗಿ ತಲುಪಿದೆವು.

ಈ ಎರಡು ಊರುಗಳ ಕನ್ನಡಿಗರಿಗೆ ಒಂದು ನಂಟಿದೆ. ‘ಕವಿರಾಜಮಾರ್ಗ’ ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದಿತಲ್ಲ, ನಾವು ಆ ಗೋದಾವರಿಯ ಕಡೆಯವರು. ನಮ್ಮ ಊರಿನಲ್ಲಿ ಹರಿಯುವ ಹೊಳೆಯೇ ಪೈಠಣದ ಜಾಯಕವಾಡಿ ಅಣೆಕಟ್ಟು ಸೇರಿ ಅವರ ನಲ್ಲಿಯಲ್ಲಿ ಬರುತ್ತದೆ. ಮಳೆ ಕಡಿಮೆಯಾದ ವರ್ಷ ನಾಸಿಕ್‌ನ ಅಣೆಕಟ್ಟುಗಳಿಂದ ಜಾಯಕವಾಡಿಗೆ ನೀರು ಬಿಡುವ ಜಗಳ ಪತ್ರಿಕೆಗಳಲ್ಲಿ ನೀವು ಓದಿಯೇ ಇರುತ್ತೀರಿ. ಇನ್ನು ಬೀದರ್, ಕಲಬುರಗಿಯವರಿಗೆ ಔರಂಗಾಬಾದ್ ಪರಊರಲ್ಲ. ಎಲ್ಲವೂ ಹಳೆಯ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಸೆಪ್ಟೆಂಬರ್ 17 ಅವರಿಗೂ ಹಬ್ಬ, ಕಾಕುವಿನ ತವರಿಗೂ ಹಬ್ಬ.

ಆಟಕ್ಕೆ ಬರೋಣ. ಆರು ನಿಮಿಷದ ನಾಲ್ಕು ಕ್ವಾರ್ಟರ್. ಗಡಿಯಾರ ನಿಲ್ಲುವುದಿಲ್ಲ, ಕೊನೆಯ ಒಂದು ನಿಮಿಷದಲ್ಲಿ ಮಾತ್ರ ಸೀಟಿ ಊದಿದಾಗ ನಿಲ್ಲುತ್ತದೆ. ಅವರ ಮನೆಯ ಕಾಲೇಜು ಹುಡುಗನೇ ರೆಫರಿ. ಎದುರು ತಂಡದಲ್ಲಿ ಒಬ್ಬಳು ಉದ್ದನೆಯ ಹುಡುಗಿ, ಜಿಲ್ಲಾ ಮಟ್ಟಕ್ಕೆ ಆಡಿದವಳು. ನಾವು ಒಬ್ಬೊಬ್ಬರು ಒಬ್ಬೊಬ್ಬರನ್ನು ಹಿಡಿಯುವುದು ಎಂದು ಮಾತಾಡಿಕೊಂಡಿದ್ದೆವು. ಆ ಹುಡುಗಿಯನ್ನು ಹಿಡಿಯುವವರು ಯಾರು? ಮೊದಲ ಕ್ವಾರ್ಟರ್ ಮುಗಿದಾಗ 2–10. ಅರ್ಧ ಆಟ ಮುಗಿದಾಗ 6–20. ಅವರ ಕಡೆಯ ಅಕ್ಕ ಒಬ್ಬರು ಮೋಸಂಬಿ ಹಂಚುತ್ತಾ, “ಜಾಯಕವಾಡಿಗೆ ನೀರು ಬಿಡ್ತೀರೋ, ಇನ್ನೂ ಹೊಡೀಬೇಕೋ?” ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆಗ ನಾನು ಎರಡು ಕೆಲಸ ಮಾಡಿದೆ. ಒಂದು ಸರಿಯಾದದ್ದು. ಒಬ್ಬೊಬ್ಬರನ್ನು ಹಿಡಿಯುವುದನ್ನು ಬಿಟ್ಟು ಝೋನ್ ಹಾಕಿದೆವು. ಮುಂದೆ ಇಬ್ಬರು, ಹಿಂದೆ ಮೂವರು, ನಿಮ್ಮ ಜಾಗಕ್ಕೆ ಯಾರು ಬಂದರೂ ಅವರು ನಿಮ್ಮ ಹೊಣೆ. ಹೆಚ್ಚು ಓಡುವಂತಿಲ್ಲ, ಉದ್ದದವರು ಬುಟ್ಟಿಯ ಹತ್ತಿರ ಬಂದರೆ ಸುತ್ತ ಮೂರು ಜನ. ನಮ್ಮ ವಯಸ್ಸಿನವರಿಗೆ ಹೇಳಿ ಮಾಡಿಸಿದ ಉಪಾಯ.

ಇನ್ನೊಂದು ಕೆಲಸ: ಮೊದಲರ್ಧದಲ್ಲಿ ಎಲ್ಲರೂ ಸರದಿಯಂತೆ ಆಡಿದ್ದೆವು. ಈಗ ಕಾಕುವಿಗೆ, “ನೀವು ಕೂಡ್ರಿ ಕಾಕು, ದಣಿದೀರಿ” ಎಂದೆ. ಅವರು ನನ್ನ ಮುಖ ನೋಡಿದರು. “ಹೂಂ” ಎಂದು ಸೆರಗು ಸರಿಮಾಡಿಕೊಂಡು ಕಟ್ಟೆಯ ಮೇಲೆ ಕೂತರು. ಸುತ್ತಲೂ ಅವರ ನಲವತ್ತು ವರ್ಷದ ಪರಿಚಯದ ಜನ.

ನನ್ನ ತೀರ್ಮಾನ ಸರಿ ಎಂದೇ ಅನಿಸಿತು, ಯಾಕೆಂದರೆ ಮೂರನೆಯ ಕ್ವಾರ್ಟರ್‌ನಲ್ಲಿ ನಾವು 8, ಅವರು 4. 14–24. ನಾಲ್ಕನೆಯದು ಶುರುವಾಗುತ್ತಲೇ ಓಝರ್ ಅಕ್ಕ ಒಂದು ಹಾಕಿದರು, ಮೈಸೂರು ಹುಡುಗಿ ಚೆಂಡು ಕಸಿದು ಇನ್ನೊಂದು ಹಾಕಿದಳು. 18–24. ಅವರು ಒಂದು ಹಾಕಿ 18–26 ಮಾಡಿದರು. ಇನ್ನು ಮೂರು ನಿಮಿಷವೂ ಇಲ್ಲ ಎನ್ನುವಾಗ ಬೆಳಗಾವಿ ವೈನಿಗೆ ಮೀನಖಂಡ ಹಿಡಿದುಕೊಂಡಿತು. ಅಳುತ್ತಲೇ ಹೊರಗೆ ಹೋದರು. ಕಟ್ಟೆಯ ಮೇಲೆ ಇದ್ದವರು ಕಾಕು ಒಬ್ಬರೇ. ಕರೆಯದೆ ಗತಿಯಿಲ್ಲದ್ದಕ್ಕೆ ಕರೆದೆ.

ಇಲ್ಲಿ ಸ್ವಲ್ಪ ನಿಲ್ಲಿಸಿ, ಈ ಆಟ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ಟಿವಿ ಧಾರಾವಾಹಿಯವರು ನಿಲ್ಲಿಸಿದರೆ ನೀವು ಸುಮ್ಮನಿರುತ್ತೀರಿ, ನನ್ನನ್ನೂ ಸಹಿಸಿಕೊಳ್ಳಿ.

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೇಯ್ಸ್ಮಿತ್ ಎಂಬ ಮೇಷ್ಟ್ರು ಚಳಿಗಾಲದಲ್ಲಿ ಒಳಗೇ ಆಡಲು ಒಂದು ಆಟ ಮಾಡಿದರು. ಹಣ್ಣಿನ ಬುಟ್ಟಿಗಳನ್ನು ಹತ್ತಡಿ ಎತ್ತರದಲ್ಲಿ ಮೊಳೆ ಹೊಡೆದು ಕಟ್ಟಿದರು. ಇಂದಿಗೂ ಆ ಹತ್ತಡಿ ಬದಲಾಗಿಲ್ಲ. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಟೀಚರ್ ಅದನ್ನು ಸ್ಮಿತ್ ಕಾಲೇಜಿನ ಹೆಣ್ಣುಮಕ್ಕಳಿಗೆ ಕಲಿಸಿದರು. ಹುಡುಗಿಯರು ದಣಿಯಬಾರದು, ಒರಟಾಗಬಾರದು ಎಂದು ಅಂಗಳವನ್ನು ಮೂರು ಭಾಗ ಮಾಡಿ, ಗೆರೆ ದಾಟಬಾರದು, ಕೈಯಿಂದ ಚೆಂಡು ಕಸಿಯಬಾರದು ಎಂಬ ನಿಯಮ ಹಾಕಿದರು. 1893ರಲ್ಲಿ ಅಲ್ಲಿ ನಡೆದ ಮೊದಲ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವೇ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಗಂಡಸರ ಬ್ಯಾಸ್ಕೆಟ್‌ಬಾಲ್ 1936ರಲ್ಲಿ ಬಂತು, ಹೆಂಗಸರದು ಬರಲು 1976 ಆಗಬೇಕಾಯಿತು. ನಲವತ್ತು ವರ್ಷ ಕಟ್ಟೆಯ ಮೇಲೆ ಕೂತೆವು ಎಂದಾಯಿತು.

ಇನ್ನು, ಸೋಲುತ್ತಿದ್ದವರು ಗೆಲ್ಲುವುದು ಈ ಆಟದಲ್ಲಿ ಪವಾಡವೇನಲ್ಲ, ಲೆಕ್ಕ. ಒಂದು ಸಲ ಚೆಂಡು ಸಿಕ್ಕರೆ ಎರಡು ಅಂಕ, ದೂರದಿಂದ ಹಾಕಿದರೆ ಮೂರು. ಎಂಟು ಅಂಕದ ಹಿನ್ನಡೆ ಎಂದರೆ ನಾಲ್ಕೇ ಬುಟ್ಟಿ. 2004ರ ಡಿಸೆಂಬರ್ 9ರಂದು ಹ್ಯೂಸ್ಟನ್‌ನ ಟ್ರೇಸಿ ಮೆಕ್‌ಗ್ರೇಡಿ ಎಂಬ ಆಟಗಾರ ಕೊನೆಯ 35 ಸೆಕೆಂಡುಗಳಲ್ಲಿ ಒಬ್ಬನೇ 13 ಅಂಕ ಗಳಿಸಿದ. ತಂಡ 81–80ರಿಂದ ಗೆದ್ದಿತು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣವನ್ನೇ ನೋಡಿ. 2017ರ ಜುಲೈನಲ್ಲಿ ಅಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಭಾರತದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75–73ರಿಂದ ಸೋಲಿಸಿದರು. ಎ ವಿಭಾಗದಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು 74–73ರಿಂದ ಸೋಲಿಸಿತು. ಒಂದೇ ಊರು, ಎರಡು ಫೈನಲ್, ಒಂದರಲ್ಲಿ ಒಂದು ಬುಟ್ಟಿಯ ಅಂತರ, ಇನ್ನೊಂದರಲ್ಲಿ ಅದೂ ಇಲ್ಲ. ಸೀಟಿ ಊದುವವರೆಗೆ ಯಾರದೂ ಸೋಲಲ್ಲ.

ಮುಂದಿರುವವರು ಮಾಡುವ ತಪ್ಪೂ ಒಂದಿದೆ. ಗೆದ್ದೆವು ಎಂದುಕೊಂಡ ಕೂಡಲೇ ಅವರು ಆಡುವುದನ್ನು ಬಿಟ್ಟು ಕಾಯಲು ಶುರು ಮಾಡುತ್ತಾರೆ. 1950ರಲ್ಲಿ ಅಮೆರಿಕದ ಎನ್‌ಬಿಎಯಲ್ಲಿ ಚೆಂಡನ್ನು ಹಿಡಿದುಕೊಂಡೇ ಕಾಲ ಕಳೆದು ಒಂದು ಪಂದ್ಯ 19–18ಕ್ಕೆ ಮುಗಿಯಿತು. ಇಂಥ ಆಟ ನೋಡಿ ಜನ ಬೇಸತ್ತರು. 1954ರಲ್ಲಿ, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಎಂಬ ನಿಯಮ ತಂದರು. ನಮ್ಮ ಆಟದಲ್ಲಿ ಆ ನಿಯಮ ಇರಲಿಲ್ಲ. ಸಂಭಾಜಿನಗರದವರು ಚೆಂಡು ಹಿಡಿದುಕೊಂಡು ನಿಂತಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಸರಿ, ಮತ್ತೆ ಅಂಗಳಕ್ಕೆ. 18–26. ಕಾಕುವನ್ನು ಝೋನ್‌ನ ನಡುವೆ, ಬುಟ್ಟಿಯ ಕೆಳಗೆ ನಿಲ್ಲಿಸಿದೆ. ಅಲ್ಲಾದರೆ ಓಡುವುದು ಕಡಿಮೆ ಎಂದು. ಅವರು ಅಲ್ಲಿ ನಿಂತು ಮಾತಾಡಲು ಶುರು ಮಾಡಿದರು. “ಎಡಕ್ಕ ಬಂದಳು ನೋಡವ್ವಾ”, “ಟೀಚರಮ್ಮ, ಹಿಂದ ಹಿಂದ!” ನಮ್ಮೆಲ್ಲರ ಬೆನ್ನಿಗೆ ಕಣ್ಣು ಬಂದ ಹಾಗಾಯಿತು. ಎದುರಿನವರಿಗೂ ಕನ್ನಡ ತಿಳಿಯುತ್ತದೆ, ಅದರಲ್ಲಿ ಗುಟ್ಟೇನೂ ಇರಲಿಲ್ಲ. ಆದರೂ ಕೂಗಿ ಹೇಳುವವರು ಒಬ್ಬರಿದ್ದರೆ ಆಡುವವರಿಗೆ ಎಷ್ಟು ಧೈರ್ಯ ಎಂಬುದು ನನಗೆ ಅಂದು ತಿಳಿಯಿತು. ನಾನು ಒಂದು ಹಾಕಿದೆ, 20. ಓಝರ್ ಅಕ್ಕ ಒಂದು ಹಾಕಿದರು, 22. ಎರಡು ಸಲ ಅವರ ಚೆಂಡು ಹೊರಗೆ ಹೋಯಿತು. ಮೈಸೂರು ಹುಡುಗಿ ಮಾಸಿದ ಗೆರೆಯ ಆಚೆ ನಿಂತು ಕಣ್ಣುಮುಚ್ಚಿ ಎಸೆದಳು. ಮೂರು ಅಂಕ. 25–26. ಇನ್ನು ನಲವತ್ತು ಸೆಕೆಂಡು.

ಚೆಂಡು ಅವರದು. ನಾವು ಹಿಂದಕ್ಕೆ ಓಡಿದೆವು. ನಾಲ್ಕು ಜನ ಮಾತ್ರ! ತಿರುಗಿ ನೋಡಿದರೆ ಕಾಕು ಆ ತುದಿಯ ಬುಟ್ಟಿಯ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾರೆ. ಹಿಂದಿರುಗಿ ಬರಲು ಉಸಿರಿಲ್ಲ. ಅವರನ್ನು ಯಾರೂ ಕಾಯುತ್ತಿರಲಿಲ್ಲ, ಕಾಯಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಎದುರಿನವರು ಸ್ವಲ್ಪ ಹೊತ್ತು ಚೆಂಡು ತಿರುಗಿಸಿದರು. ಹೊರಗಿನಿಂದ “ಹಾಕು, ಹಾಕು” ಎಂದು ಕೂಗು. ಆ ಉದ್ದದ ಹುಡುಗಿ ಅವಸರದಲ್ಲಿ ದೂರದಿಂದ ಎಸೆದಳು. ಚೆಂಡು ರಿಂಗಿಗೆ ಬಡಿದು ನನ್ನ ಕೈಗೆ ಬಂತು. ಒಂಬತ್ತು ಸೆಕೆಂಡು.

ನಾನೇ ತೆಗೆದುಕೊಂಡು ಓಡೋಣ ಎಂದುಕೊಂಡೆ. ಎದುರಿಗೆ ಇಬ್ಬರು. ದೂರದಲ್ಲಿ ಕಾಕು ಎಡಗೈ ಎತ್ತಿದರು, ಬಲಗೈ ಏಳುವುದಿಲ್ಲವಲ್ಲ. ದೊಡ್ಡ ಮನಸ್ಸಿನಿಂದ ಅವರಿಗೆ ಚೆಂಡು ಕೊಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇರೆ ದಾರಿ ಇರಲಿಲ್ಲ, ಎಸೆದೆ. ಚೆಂಡು ಒಂದು ಪುಟ ಬಿದ್ದು ಅವರ ಕೈಗೆ ಹೋಯಿತು. ಅವರು ತಮ್ಮ ಪದ್ಧತಿಯಂತೆ ಮೊಣಕಾಲು ಬಗ್ಗಿಸಿ, ಚೆಂಡು ಕೆಳಗಿಳಿಸಿ, ಎತ್ತುವಷ್ಟರಲ್ಲಿ ಎದುರು ತಂಡದ ಒಬ್ಬರು ಓಡಿಬಂದು ಕೈಗೆ ಹೊಡೆದರು. ಸೀಟಿ. ಫೌಲ್. ಎರಡು ಫ್ರೀ ಥ್ರೋ. ಹೊಡೆದವರು ಯಾರು ಗೊತ್ತೇ? ಕಾಕುವಿನ ಹಳೆಯ ಮನೆಯ ಪಕ್ಕದವರು, ಮೂವತ್ತು ವರ್ಷ ಸಾರು ಪಲ್ಯ ಕೊಟ್ಟು ತೆಗೆದುಕೊಂಡವರು. “ಅಯ್ಯ ಅಕ್ಕಾ, ಪೆಟ್ಟಾತೇನ್ರಿ?” ಎಂದು ಆಟ ಮರೆತು ಅವರ ಕೈ ತಿಕ್ಕುತ್ತಿದ್ದರು.

ಇನ್ನು ಎರಡು ಸೆಕೆಂಡು. ಕಾಕು ಗೆರೆಯ ಹಿಂದೆ ಒಬ್ಬರೇ ನಿಂತರು. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿದಾಗ ಹಿಂದಿನಿಂದ ಹುಡುಗರು ನಕ್ಕಿದ್ದು ಕೇಳಿಸಿತು. ಮೊದಲನೆಯದು ರಿಂಗಿನ ಮೇಲೆ ಬಿದ್ದು, ಒಂದು ಸಲ ಎದ್ದು, ಒಳಗೆ ಬಿತ್ತು. 26–26. ನಗು ನಿಂತಿತು. ಎರಡನೆಯದು ಎಲ್ಲೂ ತಾಗಲಿಲ್ಲ. ಬಲೆ ಅಲುಗಾಡಿದ ಸದ್ದು ಮಾತ್ರ. 27–26. ಅವರು ಉದ್ದಕ್ಕೆ ಎಸೆದ ಕೊನೆಯ ಚೆಂಡು ಅರ್ಧ ದಾರಿಯಲ್ಲೇ ಬಿತ್ತು. ನಾವು ಕುಣಿದೆವು. ಮೀನಖಂಡ ಹಿಡಿದಿದ್ದ ಬೆಳಗಾವಿ ವೈನಿಯೂ ಕುಂಟುತ್ತಲೇ ಕುಣಿದರು. ಕಾಕುವನ್ನು ಮಾತ್ರ ಎದುರು ತಂಡದವರು ಸುತ್ತುವರಿದು ತಬ್ಬಿಕೊಂಡಿದ್ದರು, ನಮ್ಮ ಕೈಗೆ ಸಿಗಲೇ ಇಲ್ಲ.

ಮನೆಗೆ ಬಂದ ಮೇಲೆ ಓದಿ ನೋಡಿದೆ. ಕಾಕು ಎಸೆದ ರೀತಿಗೆ ಅಮೆರಿಕದಲ್ಲಿ ‘ಅಜ್ಜಿ ಎಸೆತ’ ಎಂದೇ ಹೆಸರು, ಅಣಕದ ಹೆಸರು. ಆದರೆ ರಿಕ್ ಬ್ಯಾರಿ ಎಂಬ ಮಹಾ ಆಟಗಾರ 1980ರಲ್ಲಿ ನಿವೃತ್ತನಾಗುವವರೆಗೂ ಹಾಗೇ ಎಸೆದ. ನೂರಕ್ಕೆ ಸುಮಾರು 90 ಬುಟ್ಟಿಗೆ ಬೀಳುತ್ತಿದ್ದವು. ಎರಡೂ ಕೈ ಸಮನಾಗಿ ಏಳುತ್ತವೆ, ಚೆಂಡು ಮೆತ್ತಗೆ ಇಳಿಯುತ್ತದೆ, ಅದಕ್ಕೆ. ವಿಲ್ಟ್ ಚೇಂಬರ್ಲೇನ್ ಎಂಬ ದೈತ್ಯ ಆಟಗಾರ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ. ಆ ದಿನ ಕೆಳಗಿನಿಂದಲೇ ಎಸೆದು 32 ಫ್ರೀ ಥ್ರೋಗಳಲ್ಲಿ 28 ಹಾಕಿದ್ದ. ಆಮೇಲೆ ಆ ರೀತಿಯನ್ನು ಬಿಟ್ಟುಬಿಟ್ಟ. ಯಾಕೆ? ಹೆಣ್ಣಿಗನ ಹಾಗೆ ಕಾಣುತ್ತೇನೆ ಎಂಬ ನಾಚಿಕೆ. ತಪ್ಪು ಮಾಡಿದೆ ಎಂದು ಅವನೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಅವನ ಇಡೀ ಜೀವಮಾನದ ಲೆಕ್ಕ ತೆಗೆದರೆ ನೂರಕ್ಕೆ 51 ಮಾತ್ರ. ನೋಡಿ, ಏಳಡಿ ಎತ್ತರದ ಗಂಡಸಿಗೆ ಅಜ್ಜಿಯ ಹಾಗೆ ಕಾಣುವ ಧೈರ್ಯ ಇರಲಿಲ್ಲ. ನಮ್ಮ ಕಾಕುವಿಗೆ ಇತ್ತು.

ಹಿಂದಿರುಗುವ ದಾರಿಯಲ್ಲಿ ಯೇವಲಾದಲ್ಲಿ ಚಹಾಕ್ಕೆ ನಿಂತೆವು. ಕಾಕು ನನ್ನ ಪಕ್ಕಕ್ಕೆ ಬಂದು ಕೇಳಿದರು, “ಅವ್ವಾ, ಅರ್ಧ ಆಟಕ್ಕ ನನ್ನ ಕೂಡ್ಸಿದೆಲ್ಲ. ಖರೇ ಹೇಳು, ದಣಿದೀನಂತೋ, ಆಟ ಬರಂಗಿಲ್ಲಂತೋ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಆಟ ಬರಂಗಿಲ್ಲಂತ, ಕಾಕು” ಎಂದೆ.

ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. “ಹಂಗಾರ ಮುಂದಿನ ಸಲ ಮೊದಲ ನನ್ನ ಎಸೆತ ಎಣಿಸು. ಆಮ್ಯಾಲ ಕೂಡ್ಸು” ಎಂದರು.

ಮುಂದಿನ ಭಾನುವಾರ ಎಣಿಸಿದೆ. ಹತ್ತಕ್ಕೆ ಅವರದು ಆರು, ನನ್ನದು ನಾಲ್ಕು.

ನಾನು ಹೇಳಬೇಕಾದ ಆರೋಗ್ಯದ ಮಾತು ಇಷ್ಟೇ. ಮೈಕೈ ಆಡಿಸಿ. ಯಾರನ್ನಾದರೂ ಕಟ್ಟೆಯ ಮೇಲೆ ಕೂರಿಸುವ ಮೊದಲು ಎಣಿಸಿ. ನಿಮ್ಮನ್ನು ಯಾರಾದರೂ ಕೂರಿಸಿದರೆ, ಕಾಕುವಿನ ಹಾಗೆ ಕಾರಣ ಕೇಳಿ. ಕಾಕು ಈಗ ಎರಡು ತಿಂಗಳಿಗೊಮ್ಮೆ ಸಂಭಾಜಿನಗರಕ್ಕೆ ಹೋಗುತ್ತಾರೆ. ಯಾರ ಮನೆಗೆ ಎಂದು ಕೇಳುವುದಿಲ್ಲ, ಕೈಗೆ ಹೊಡೆದವರ ಮನೆಯಲ್ಲೇ ಇಳಿಯುತ್ತಾರೆ. ಅಲ್ಲಿನವರು ಸೇಡು ತೀರಿಸಿಕೊಳ್ಳಲು ಬರುವ ತಿಂಗಳು ನಾಸಿಕ್‌ಗೆ ಬರುತ್ತಿದ್ದಾರೆ. ಅವರಲ್ಲೂ ಇಬ್ಬರು ಕೆಳಗಿನಿಂದ ಎಸೆಯುವುದನ್ನು ಕಲಿತಿದ್ದಾರೆ ಎಂಬ ಸುದ್ದಿ ಬಂದಿದೆ. ಆದ್ದರಿಂದ ನಮಗೆ ಜನ ಬೇಕು. ಭಾನುವಾರ ಬೆಳಗ್ಗೆ ಆರೂವರೆ, ಸೀರೆಯಾದರೂ ಸರಿ, ಸಲ್ವಾರ್ ಆದರೂ ಸರಿ, ಬೂಟು ಮಾತ್ರ ಹಾಕಿಕೊಂಡು ಬನ್ನಿ. ಚಪ್ಪಲಿ ಕಾಯಲು ಈಗ ಯಾರೂ ಇಲ್ಲ.

 ಜೈ ಕರ್ನಾಟಕ, ಜೈ ಮಹಾರಾಷ್ಟ್ರ. ಸಿರಿಗನ್ನಡಂ ಗೆಲ್ಗೆ.